ಕಿವಿಗೆ ಓಲೆ ತೊಟ್ಟ ಚಕ್ರವರ್ತಿ

ಕಳೆದ ವಾರ ನನ್ನ ಚಳಿಗಾಲದ ಕೋಟಿನ ಮೇಲಿನ ಗುಂಡಿ ಕಿತ್ತು ಬಿತ್ತು. ಬಸ್ ನಿಲ್ದಾಣದ ಹಿಮದಲ್ಲಿ ಕೈಯಾಡಿಸಿ ಹುಡುಕಿ ಮನೆಗೆ ತಂದೆ. ಕಂದು ಬಣ್ಣದ ಅಗಲವಾದ ಗುಂಡಿ, ನಡುವೆ ಅಕ್ಕಪಕ್ಕ ಎರಡು ತೂತು. ಸೂಜಿಗೆ ದಾರ ಪೋಣಿಸಿದೆ, ಹೊಲಿಯಲಿಲ್ಲ. ಗುಂಡಿಯನ್ನು ದೀಪಕ್ಕೆ ಹಿಡಿದು, ಎರಡು ತೂತುಗಳಿಂದ ಬರುವ ಎರಡು ಚುಕ್ಕಿ ಬೆಳಕನ್ನು ನೋಡುತ್ತ ಹಾಗೇ ಕುಳಿತುಬಿಟ್ಟೆ...

"ಒಂದೇ ತೂತಾದ್ರೆ ಗಿರಗಿರ ತಿರುಗ್ತದೆ ಮಾರಾಯ್ತಿ. ಎರಡಿದ್ರೆ ಮುಖ ತಿರುಗಿಸ್ಲಿಕ್ಕೆ ಆಗುದಿಲ್ಲ."

ಇದನ್ನು ಹೇಳಿದವರು ಮೇಲಿನ ಮನೆಯ ಅಂಕಲ್. ಹೇಳಿದ್ದು ಕೋಟಿನ ಗುಂಡಿಯ ಬಗ್ಗೆ ಅಲ್ಲ, ಒಂದು ಚಿನ್ನದ ನಾಣ್ಯದ ಬಗ್ಗೆ.

ಸ್ವೀಡನ್ನಿನ ಈ ಟ್ರೋಲ್‌ಹೆಟ್ಟನ್ ಊರಿಗೆ ನಾನು ಬಂದದ್ದು ಲೋಹಗಳ ಮೇಲೆ ಪಿಎಚ್‌ಡಿ ಮಾಡಲು. ಊರು ದಾವಣಗೆರೆ, ಓದು ಬೆಂಗಳೂರು. ಕಾಲೇಜಿನ ವರ್ಷಗಳನ್ನೆಲ್ಲ ಚರ್ಚಾ ಸ್ಪರ್ಧೆಗಳ ವೇದಿಕೆಗಳ ಮೇಲೆ ಕಳೆದವಳು. ಯಾರಾದರೂ "ನಮ್ಮ ಪೂರ್ವಜರು..." ಎಂದು ಶುರು ಮಾಡಿದರೆ "ಆಧಾರ ಏನು?" ಎಂದು ಕೇಳುವುದು ನನಗೆ ಸೀನು ಬಂದಷ್ಟೇ ಸಹಜವಾಗಿತ್ತು. ಈಗಲೂ ಹಾಗೇ ಇದ್ದೇನೆ. ಹಾಗಿರುವುದು ತಪ್ಪೆಂದು ನನಗೆ ಅನ್ನಿಸಿಲ್ಲ.

ಅಂಕಲ್ ಪರಿಚಯವಾದದ್ದು ನಮ್ಮ ಕಟ್ಟಡದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಸ್ವೀಡನ್ನಿನಲ್ಲಿ ಆ ಕೋಣೆಯ ಸಮಯವನ್ನು ಮೊದಲೇ ಕಾದಿರಿಸಬೇಕು. ಕಾದಿರಿಸಿದವರ ಸಮಯ ಅಂದರೆ ದೇವರ ಸಮಯ. ನನ್ನ ಬಟ್ಟೆ ಇನ್ನೂ ಯಂತ್ರದೊಳಗೆ ಸುತ್ತುತ್ತಿತ್ತು. ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತ, ತಲೆ ಪೂರ್ತಿ ನರೆತ ಮನುಷ್ಯರಿಗೆ ನಾನು ಇಂಗ್ಲಿಷಿನಲ್ಲಿ ಅರ್ಥ ಮಾಡಿಸತೊಡಗಿದೆ: ಹಿಂದಿನವರು ತಡಮಾಡಿದ್ದು, ಯಂತ್ರ ನಿಧಾನವಿರುವುದು, ನ್ಯಾಯವಾಗಿ ನೋಡಿದರೆ ವಿಳಂಬವನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳಬೇಕಾದದ್ದು... ಅವರು ಪೂರ್ತಿ ಕೇಳಿಸಿಕೊಂಡರು. ಉಸಿರು ತೆಗೆದುಕೊಳ್ಳುವಾಗ ನಾನು ಕನ್ನಡದಲ್ಲಿ "ಅಯ್ಯೋ ದೇವರೇ" ಎಂದು ಗೊಣಗಿದ್ದೂ ಅವರಿಗೆ ಕೇಳಿಸಿರಬೇಕು.

"ವಾದ ಚೆಂದ ಉಂಟು. ಆದ್ರೆ ಟೈಮ್ ನಂದು" ಎಂದರು, ಅಚ್ಚ ಮಂಗಳೂರು ಕನ್ನಡದಲ್ಲಿ.

ನಾನು ಯಂತ್ರದ ಕಡೆ ತಿರುಗಿ ನನ್ನ ಬುಟ್ಟಿ ಎತ್ತಿಕೊಂಡೆ.

"ಎಂತ, ಡಿಬೇಟ್ ಗಿಬೇಟ್ ಮಾಡ್ತಿದ್ದೆಯಾ ಕಾಲೇಜಲ್ಲಿ?"

"ಹೌದು ಅಂಕಲ್. ಸ್ಟೇಟ್ ಲೆವೆಲ್."

"ಹಾಗಾದ್ರೆ ಭಾನುವಾರ ಮೇಲೆ ಬಾ. ನಿನ್ನಂಥ ಬಾಯಿಯೇ ಬೇಕಿತ್ತು ನಂಗೆ. ಒಂದು ಕೆಲಸ ಉಂಟು."

ಭಾನುವಾರ ಹೋದೆ. ಮನೆಯಲ್ಲಿ ಏಲಕ್ಕಿ ಬನ್ನಿನ ಪರಿಮಳ, ಗೋಡೆಯ ಮೇಲೆ ಶಿಲುಬೆ, ಅದರ ಪಕ್ಕ ತೀರಿಹೋದ ಹೆಂಡತಿಯ ಫೋಟೋ. ಮಂಗಳೂರಿನ ಕ್ರೈಸ್ತ ಕುಟುಂಬದವರು. ಯೌವನದಲ್ಲೇ ಇಲ್ಲಿಗೆ ಬಂದು, ವಿಮಾನದ ಎಂಜಿನ್ ತಯಾರಿಸುವ ಕಾರ್ಖಾನೆಯಲ್ಲಿ ಪರೀಕ್ಷಕ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಬಿಡಿಭಾಗಗಳ ಮೇಲೆ ಬಣ್ಣದ ದ್ರವ ಸವರಿ, ವಿಶೇಷ ದೀಪದ ಕೆಳಗೆ ಹಿಡಿದು, ಕೂದಲೆಳೆಯಷ್ಟು ಬಿರುಕಿದ್ದರೂ ಹುಡುಕುವುದು ಅವರ ಕೆಲಸವಾಗಿತ್ತು. ತಮ್ಮ ವೃತ್ತಿಯ ಬಗ್ಗೆ ಅವರು ಹೇಳಿದ್ದರಲ್ಲಿ ಒಂದು ಮಾತು ನನಗೆ ತುಂಬ ಹಿಡಿಸಿತ್ತು: ಯಾವ ಭಾಗವನ್ನೂ "ಚೆನ್ನಾಗಿದೆ" ಎಂದು ಅವರು ಬರೆಯುತ್ತಿರಲಿಲ್ಲವಂತೆ. "ದೋಷ ಕಂಡಿಲ್ಲ" ಎಂದಷ್ಟೇ ಬರೆಯುತ್ತಿದ್ದರಂತೆ.

ಕಾಫಿ ಮುಗಿದ ಮೇಲೆ ಹಸಿರು ಬಟ್ಟೆ ಹಾಸಿ, ಅದರ ಮೇಲೆ ಆ ನಾಣ್ಯವನ್ನಿಟ್ಟರು. ನಮ್ಮ ಹಳೆಯ ಐವತ್ತು ಪೈಸೆಗಿಂತಲೂ ಚಿಕ್ಕದು, ತೆಳ್ಳಗೆ, ಆದರೆ ಆ ಹಳದಿ! ಒಂದು ಕಡೆ ಶಿರಸ್ತ್ರಾಣ ತೊಟ್ಟು, ತಲೆಯ ಹಿಂದೆ ಈಟಿ ಹಾಯಿಸಿಕೊಂಡು, ತುಸು ವಾರೆಯಾಗಿ ನಮ್ಮನ್ನೇ ನೋಡುತ್ತಿದ್ದ ರಾಜ. ಇನ್ನೊಂದು ಕಡೆ ಉದ್ದನೆಯ ಶಿಲುಬೆ ಹಿಡಿದು ನಿಂತ ರೆಕ್ಕೆಯ ಹೆಣ್ಣು. ರಾಜನ ತಲೆಯ ಮೇಲೆ ಅಕ್ಕಪಕ್ಕ ಎರಡು ತೂತು.

"ಅನಸ್ಟಾಸಿಯಸ್" ಎಂದರು ಅಂಕಲ್, ಮನೆಗೆ ಬಂದ ನೆಂಟರನ್ನು ಪರಿಚಯಿಸುವಂತೆ. "ರೋಮಿನ ಚಕ್ರವರ್ತಿ. ರೋಮ್ ಪಟ್ಟಣ ಬಿದ್ದ ಮೇಲಿನವನು, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೂತು ಆಳಿದವನು. ನಮ್ಮ ಅಜ್ಜಿಯ ಅಜ್ಜಿಗಿಂತ ಹಿಂದಿನಿಂದ ಇದು ನಮ್ಮ ಮನೇಲಿ ಉಂಟು."

ಅವರ ಮನೆತನದಲ್ಲಿ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಪದ್ಧತಿ. ಮಿಂದು ಬಂದವಳ ಕೊರಳಿಗೆ ಹಿರಿಯರು ಈ ನಾಣ್ಯವನ್ನು ಕಟ್ಟುತ್ತಿದ್ದರು. ಅಂಕಲ್ ಅವರ ಮಗಳಿಗೂ ಕಟ್ಟಿದ್ದರು. ಬರುವ ಬೇಸಿಗೆಯಲ್ಲಿ ಮೊಮ್ಮಗಳ ಮದುವೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಅಜ್ಜನಿಗೆ ಸ್ವೀಡಿಷಿನಲ್ಲೇ ಉತ್ತರ ಕೊಡುವವಳು. ಅವಳು ನಾಣ್ಯವನ್ನು ಕೈಯಲ್ಲಿ ಹಿಡಿದು ಕೇಳಿದ್ದಳಂತೆ: "ಮೊರ್‌ಫಾರ್, ಇದು ನಿಜವಾದದ್ದಾ?" ಮೊರ್‌ಫಾರ್ ಅಂದರೆ ತಾಯಿಯ ತಂದೆ.

"ಎಂತ ಹೇಳುದು? ಹೌದು ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ ನಂಗೆ" ಎಂದರು ಅಂಕಲ್. "ಕಾರ್ಖಾನೆಯಲ್ಲಿ ಪರೀಕ್ಷೆ ಮಾಡದೆ ಒಂದು ಬೋಲ್ಟಿಗೂ ಸೈನ್ ಹಾಕಿದವನಲ್ಲ. ಇದಕ್ಕೆ ಮಾತ್ರ ಜೀವಮಾನ ಇಡೀ ಕಣ್ಣು ಮುಚ್ಚಿ ಸೈನ್ ಹಾಕಿದ್ದೇನೆ. ನನ್ನ ಕಣ್ಣಿಗೆ ಇದರಲ್ಲಿ ದೋಷ ಕಾಣುದಿಲ್ಲ, ಅಜ್ಜಿ ಕಾಣ್ತಾಳೆ. ನೀನು ನನ್ನ ಎದುರು ಪಾರ್ಟಿ. ವಾದ ಮಾಡು. ನಾನು ಸೋತ್ರೆ ಇದನ್ನು ಹುಡುಗಿಗೆ ಕಟ್ಟುದಿಲ್ಲ."

"ಸೋತ್ರೆ ಬೇಜಾರಾಗಬಾರದು ಅಂಕಲ್."

"ಬೇಜಾರು ಆಗ್ತದೆ. ಅದಕ್ಕಾಗಿ ನೀನು ಬಿಡ್ಬಾರ್ದು."

ಆ ಚಳಿಗಾಲದ ಭಾನುವಾರಗಳೆಲ್ಲ ಅನಸ್ಟಾಸಿಯಸ್‌ನ ಪಾಲಾದವು. ಅಂಕಲ್ ಆ ದೊರೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದ್ದರು. ಅರಮನೆಯಲ್ಲಿ ಜನ ಸದ್ದು ಮಾಡದಂತೆ ನೋಡಿಕೊಳ್ಳುವ ಅಧಿಕಾರಿಯಾಗಿದ್ದವನು ಅವನು. ವಯಸ್ಸು ಅರವತ್ತರ ಹತ್ತಿರ. ಚಕ್ರವರ್ತಿ ಸತ್ತಾಗ ವಿಧವೆ ರಾಣಿ ಇವನನ್ನು ಆರಿಸಿದಳು. ಸಿಂಹಾಸನವನ್ನೂ ಕೊಟ್ಟು ಮದುವೆಯೂ ಆದಳು. "ನೋಡು, ನಂಗೆ ಆ ವಯಸ್ಸಿಗೆ ಸಿಕ್ಕಿದ್ದು ಒಂದು ಗೋಡೆ ಗಡಿಯಾರ ಮತ್ತು ಕೇಕು" ಎಂದು ಅಂಕಲ್ ನಗುತ್ತಿದ್ದರು. ಅವನ ಎರಡು ಕಣ್ಣುಗಳ ಬಣ್ಣ ಬೇರೆ ಬೇರೆಯಂತೆ. ಬಡ ವ್ಯಾಪಾರಿಗಳಿಂದ ಹಿಡಿದು ಬೀದಿಯ ಹೆಂಗಸರವರೆಗೆ ಎಲ್ಲರನ್ನೂ ಹಿಂಡುತ್ತಿದ್ದ ಒಂದು ತೆರಿಗೆಯನ್ನು ಅವನು ತೆಗೆದುಹಾಕಿದ. ಮುಂದೆ ಯಾರೂ ಮತ್ತೆ ಹೇರಬಾರದೆಂದು, ಉಪಾಯದಿಂದ ಅದರ ದಾಖಲೆಗಳನ್ನೆಲ್ಲ ಒಂದೆಡೆ ತರಿಸಿ ಸುಡಿಸಿಬಿಟ್ಟ.

"ಇದನ್ನು ಬರೆದವರು ಯಾರು? ಅವನನ್ನು ಹೊಗಳೋದಕ್ಕೆ ಇದ್ದವರೇ ಅಲ್ವಾ?" ಎಂದು ನಾನು.

"ಹೊಗಳುವವರು ಇರ್ಬಹುದು. ಆದ್ರೆ ತಾಮ್ರ ಹೊಗಳುದಿಲ್ಲ" ಎಂದು ಅವರು ಒಂದು ಡಬ್ಬಿ ತೆರೆದರು. ಅವನ ಕಾಲದ ತಾಮ್ರದ ನಾಣ್ಯಗಳು. ಅವನಿಗಿಂತ ಮೊದಲು ಸಣ್ಣ ಚಿಲ್ಲರೆ ಅಂದರೆ ಉಗುರಿನಷ್ಟು ಪುಡಿ ತಾಮ್ರ, ಸಂತೆಗೆ ಚೀಲದಲ್ಲಿ ಹೊತ್ತೊಯ್ಯಬೇಕಾದದ್ದು. ಅನಸ್ಟಾಸಿಯಸ್ ದೊಡ್ಡ ತಾಮ್ರದ ನಾಣ್ಯ ಹೊರಡಿಸಿ, ಅದರ ಬೆಲೆ ಎಷ್ಟು ಎಂಬುದನ್ನು ಒಂದೇ ದೊಡ್ಡ ಗುರುತಿನಲ್ಲಿ ನಾಣ್ಯದ ಮೇಲೆಯೇ ಕೆತ್ತಿಸಿದ. ಓದು ಬಾರದ ತರಕಾರಿ ಮಾರುವವಳೂ ಗುರುತು ನೋಡಿ ಲೆಕ್ಕ ಹಿಡಿಯಬಹುದು. ಒಂದನ್ನು ನನ್ನ ಅಂಗೈಗೆ ಹಾಕಿದರು. ಭಾರವಾಗಿತ್ತು. ಹದಿನೈದು ನೂರು ವರ್ಷಗಳ ಹಿಂದಿನ ಯಾರದೋ ಸೊಪ್ಪಿನ ದುಡ್ಡು... ಬೆರಳು ಮಡಚಿ ಅದನ್ನು ಹಿಡಿದುಕೊಂಡೆ.

ಆದರೆ ಒಪ್ಪಿಕೊಂಡ ಕೆಲಸ ಕೆಲಸವೇ. ಚಿನ್ನದ ನಾಣ್ಯದ ಮೇಲೆ ನನ್ನ ವಾದ ಶುರುವಾಯಿತು. ಮೊದಲನೆಯದು ತೂಕ. ಆ ಕಾಲದ ರೋಮಿನ ಚಿನ್ನದ ನಾಣ್ಯ ನಾಲ್ಕೂವರೆ ಗ್ರಾಮಿನ ಹತ್ತಿರ ಇರಬೇಕು. ಸವೆತವನ್ನು ಕಳೆದರೂ ಇದು ಅದಕ್ಕಿಂತ ಸಾಕಷ್ಟು ಹಗುರ. ಎರಡನೆಯದು ಚಿನ್ನ. ನಮ್ಮ ವಿಭಾಗದಲ್ಲಿ ಲೋಹಕ್ಕೆ ಗೀರು ಹಾಕದೆ, ಎಕ್ಸ್-ರೇ ಹಾಯಿಸಿ ಒಳಗೇನಿದೆ ಎಂದು ಹೇಳುವ ಯಂತ್ರವಿತ್ತು. ಮೇಲ್ವಿಚಾರಕರನ್ನು ಕೇಳಿ, ಅಂಕಲ್ ಅವರನ್ನೂ ಕೂರಿಸಿಕೊಂಡು ಪರೀಕ್ಷೆ ಮಾಡಿದೆ. ಕಾನ್‌ಸ್ಟಾಂಟಿನೋಪಲ್‌ನ ಚಿನ್ನ ಅಪರಂಜಿಗೆ ಹತ್ತಿರವಾಗಿತ್ತು. ಇದರಲ್ಲಿ ಬೆಳ್ಳಿ ಧಾರಾಳವಾಗಿ ಬೆರೆತಿತ್ತು.

ಅಂಕಲ್ ಪರದೆ ನೋಡಿದರು. "ಮುಂದೆ" ಎಂದರು.

ಮೂರನೆಯದು ತೂತುಗಳು. "ಅಂಕಲ್, ನಿಮ್ಮ ಮನೇಲಿ ಇದನ್ನ ದೇವದೂತೆಯ ನಾಣ್ಯ ಅಂತಾರೆ. ಆದ್ರೆ ರೋಮಿನವರು ನಾಣ್ಯದ ಒಂದು ಮುಖಕ್ಕೆ ಇನ್ನೊಂದು ಮುಖ ತಲೆಕೆಳಗಾಗಿ ಅಚ್ಚು ಹಾಕ್ತಿದ್ರು. ರಾಜನ ತಲೆ ಮೇಲೆ ತೂತು ಮಾಡಿ ನೇತು ಹಾಕಿದ್ರೆ ಹಿಂದುಗಡೆ ದೇವದೂತೆ ಶೀರ್ಷಾಸನ ಹಾಕಿರ್ತಾಳೆ. ನಿಮ್ಮ ಮನೆಯವರು ಭಕ್ತಿಯಿಂದ ಮಾಡಿಸಿದ ತೂತು ಅಲ್ಲ ಇದು. ತೂತು ಮಾಡಿದವನಿಗೆ ಬೇಕಾಗಿದ್ದು ರಾಜ."

ಆಗಲೇ ಅವರು ಎರಡು ತೂತಿನ ಆ ಮಾತು ಹೇಳಿದ್ದು, ಒಂದೇ ತೂತಾದರೆ ತಿರುಗುತ್ತದೆ ಎಂದು. ಆಮೇಲೆ, ಸಮಾಧಾನಕ್ಕೋ ಏನೋ, ಭೂತಗನ್ನಡಿ ನನ್ನ ಕೈಗೆ ಕೊಟ್ಟರು. "ಸರಿ, ರಾಜನೇ ಆಗ್ಲಿ. ಅವನ ಕಿವಿ ನೋಡು. ಓಲೆ ಉಂಟು. ನಾನು ಚಿಕ್ಕವನಿರುವಾಗ ಅಜ್ಜಿ ತೊಡೆ ಮೇಲೆ ಕೂರಿಸಿ ತೋರಿಸ್ತಿದ್ಲು. 'ಎಷ್ಟು ದೊಡ್ಡ ರಾಜ ನೋಡು, ಕಿವಿಗೆ ಓಲೆ ಹಾಕಿದ್ದಾನೆ' ಅಂತ."

ನೋಡಿದೆ. ನಿಜ. ಕಿವಿಯ ಕೆಳಗೆ ದುಂಡಗೆ, ಸ್ಪಷ್ಟವಾಗಿ, ಒಂದು ಓಲೆ.

ಆ ಸಂಜೆ ಅನಸ್ಟಾಸಿಯಸ್‌ನ ನಾಣ್ಯಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದಾದ ಮೇಲೊಂದು ತೆಗೆದು ನೋಡಿದೆ. ಒಂದರಲ್ಲೂ ಓಲೆ ಇಲ್ಲ. ಆ ಜಾಗದಲ್ಲಿ ಶಿರಸ್ತ್ರಾಣದಿಂದ ಇಳಿಬಿದ್ದ ಪಟ್ಟಿಯ ತುದಿ ಇರುತ್ತದೆ, ಅಷ್ಟೇ. ಅದು ಪಟ್ಟಿ ಎಂದು ಗೊತ್ತಿಲ್ಲದ ಯಾರೋ ಅದನ್ನು ಓಲೆ ಮಾಡಿದ್ದರು. ಮರುದಿನ ಮೇಲೆ ಹೋಗಿ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದೆ. ಅಂಕಲ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ಮತ್ತೊಮ್ಮೆ ನೋಡಿದರು.

"ಹಾಗಾದ್ರೆ ಇದು ಆ ರಾಜನದ್ದಲ್ಲ."

"ಅಲ್ಲ ಅಂಕಲ್."

"ಸರಿ. ನೀನು ಗೆದ್ದೆ." ನಾಣ್ಯವನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯೊಳಗಿಟ್ಟರು. "ಹುಡುಗಿಗೆ ಅಂಗಡಿಯಿಂದ ಒಂದು ಚೈನ್ ತಂದ್ರಾಯ್ತು." ಆ ದಿನ ಅವರು ಬನ್ನು ಕೊಡುವುದನ್ನು ಮರೆತರು.

ಕಾಲೇಜಿನಲ್ಲಿ ನಮ್ಮನ್ನು ಚರ್ಚೆಗೆ ತಯಾರು ಮಾಡುತ್ತಿದ್ದ ಮೇಡಂ ಒಂದು ಅಭ್ಯಾಸ ಮಾಡಿಸಿದ್ದರು. ಗೆದ್ದು ಬಂದ ಮೇಲೆ, ಅದೇ ವಿಷಯವನ್ನು ಸೋತವರ ಕಡೆಯಿಂದ ಮಂಡಿಸಬೇಕು, ನಮ್ಮ ವಾದವನ್ನು ನಾವೇ ಒಡೆಯಲು ನೋಡಬೇಕು. ಅಭ್ಯಾಸಬಲದಿಂದ ಕೂತೆ. ಅಂಕಲ್ ಕಡೆ ನಿಂತರೆ ಏನು ಹೇಳಬಹುದು? ಕಳ್ಳ ನಾಣ್ಯ ಮಾಡುವವನು ನೋಡಿದವರು ಹಿಡಿಯದಂತೆ ಮಾಡುತ್ತಾನೆ. ಇವನು ರಾಜನಿಗೆ ಓಲೆ ತೊಡಿಸಿದ್ದಾನೆ. ಯಾರಿಗೂ ಮೋಸ ಮಾಡುವ ಆತುರವೇ ಅವನಿಗಿಲ್ಲ. ತೂತುಗಳ ಮೇಲಂಚು ದಾರ ಉಜ್ಜಿ ಉಜ್ಜಿ ಕೊರೆದುಹೋಗಿದೆ; ಅದು ಒಂದೆರಡು ಮದುವೆಯ ಸವೆತವಲ್ಲ. ಹಾಗಾದರೆ ಯಾರಿವನು? ರಾಜನ ಕಿವಿ ಬರಿದಾಗಿರಲು ಸಾಧ್ಯವೇ ಇಲ್ಲ ಎಂದು ನಂಬಿದ ಮನುಷ್ಯ ಎಲ್ಲಿಯವನು?

ಈ ಪ್ರಶ್ನೆಯನ್ನು ಬರೆದುಕೊಂಡವಳು ಹಾಗೇ ಪೆನ್ನು ಕೆಳಗಿಟ್ಟೆ. ನಮ್ಮೂರಿನ ದೇವಸ್ಥಾನಗಳ ಕಲ್ಲಿನ ವೀರರು, ದೊರೆಗಳು, ದ್ವಾರಪಾಲಕರು ಎಲ್ಲರೂ ಕಣ್ಣ ಮುಂದೆ ಸಾಲಾಗಿ ಬಂದರು. ಒಬ್ಬರ ಕಿವಿಯೂ ಬರಿದಾಗಿರಲಿಲ್ಲ.

ಆಮೇಲೆ ಹುಡುಕಿದಾಗ ಸಿಕ್ಕಿದ್ದು ನನಗೆ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ನಮ್ಮ ದಾವಣಗೆರೆಯ ಪಕ್ಕದ ಹಾವೇರಿ ಸೀಮೆಯಲ್ಲಿಯೇ, ಮಣ್ಣಿನಡಿ, ಆ ಕಾಲದ ರೋಮ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳು ಸಿಕ್ಕಿವೆ. ಕೆಲವು ಅಲ್ಲಿಂದಲೇ ಬಂದವು, ಕೆಲವು ಅವನ್ನು ನೋಡಿ ನಮ್ಮವರು ಮಾಡಿಕೊಂಡವು. ಅವುಗಳಲ್ಲಿ ರಾಜನ ತಲೆಯ ಮೇಲೆ ಅಕ್ಕಪಕ್ಕ ಎರಡು ತೂತು ಇರುವುದೂ ಉಂಟು. ಆ ದಾರಿಯಲ್ಲಿ ಬಸ್ಸಿನಲ್ಲಿ ಎಷ್ಟು ಸಲ ನಿದ್ದೆ ಮಾಡುತ್ತ ಹೋಗಿದ್ದೇನೋ ನಾನು...

ಅಂಕಲ್ ಅವರಿಗೆ ತಕ್ಷಣ ಹೇಳಲಿಲ್ಲ. ಆಧಾರವಿಲ್ಲದೆ ಆಸೆ ಹುಟ್ಟಿಸುವುದು ನನಗೆ ಆಗದ ಮಾತು. ಸ್ಟಾಕ್‌ಹೋಮಿನಲ್ಲಿ ಹಳೆಯ ನಾಣ್ಯಗಳನ್ನು ನೋಡಿಕೊಳ್ಳುವ ತಜ್ಞೆಯೊಬ್ಬರಿಗೆ ಫೋನ್ ಮಾಡಿ, ಸಮಯ ಕೇಳಿ, "ಇನ್ನೊಂದು ಸುತ್ತು ವಾದ ಬಾಕಿ ಇದೆ ಅಂಕಲ್" ಎಂದಷ್ಟೇ ಹೇಳಿ ಅವರನ್ನು ರೈಲು ಹತ್ತಿಸಿದೆ. ದಾರಿಯುದ್ದಕ್ಕೂ ಅವರು ಡಬ್ಬಿಯನ್ನು ಕೋಟಿನ ಒಳಜೇಬಿನಲ್ಲಿಟ್ಟು, ಜೇಬಿನ ಮೇಲೆ ಕೈಯಿಟ್ಟುಕೊಂಡೇ ಕುಳಿತಿದ್ದರು.

ಆ ತಜ್ಞೆ ನಾಣ್ಯವನ್ನು ಅಂಚು ಹಿಡಿದು ಎತ್ತಿ, ಎರಡೂ ಮುಖ ತಿರುಗಿಸಿ ನೋಡಿದರು. ಆಮೇಲೆ ಎದ್ದು ಹೋಗಿ ಒಂದು ತಟ್ಟೆ ತಂದರು. ಅದರಲ್ಲಿ ಇನ್ನೊಬ್ಬ ಅನಸ್ಟಾಸಿಯಸ್ ಇದ್ದ. ಈ ದೇಶದ ಗೋಟ್ಲಂಡ್ ದ್ವೀಪದ ಹೊಲದಲ್ಲಿ ಸಿಕ್ಕವನು. ಕಾನ್‌ಸ್ಟಾಂಟಿನೋಪಲ್‌ನಲ್ಲೇ ಅಚ್ಚಾದದ್ದು, ಸೈನಿಕನ ಸಂಬಳವಾಗಿಯೋ ಯಾರದೋ ಕಪ್ಪವಾಗಿಯೋ ಉತ್ತರದ ಈ ಹಿಮಕ್ಕೆ ಬಂದದ್ದು. ಎರಡನ್ನೂ ಪಕ್ಕಪಕ್ಕ ಇಟ್ಟರು. ಅದೇ ವಾರೆ ನೋಟ, ಅದೇ ಈಟಿ. ಒಬ್ಬನ ಕಿವಿ ಬರಿದು. ಇನ್ನೊಬ್ಬನಿಗೆ ಓಲೆ.

"ಇದು ಚಕ್ರವರ್ತಿಯ ಟಂಕಸಾಲೆಯದಲ್ಲ" ಎಂದರು ಇಂಗ್ಲಿಷಿನಲ್ಲಿ. ಅಂಕಲ್ ತಲೆ ತಗ್ಗಿಸಿದರು. "ಇವತ್ತಿನ ನಕಲಿಯೂ ಅಲ್ಲ. ನನ್ನ ತಿಳುವಳಿಕೆಯ ಮಟ್ಟಿಗೆ, ಇದನ್ನು ಮಾಡಿದ್ದು ದಕ್ಷಿಣ ಭಾರತದಲ್ಲಿ, ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ಅಸಲಿಯನ್ನು ಮುಂದಿಟ್ಟುಕೊಂಡು ಯಾರೋ ಒಬ್ಬ ಅಕ್ಕಸಾಲಿಗ. ಖಚಿತವಾಗಿ ಯಾವ ಊರು ಎಂದು ಕೇಳಬೇಡಿ, ಗೊತ್ತಿಲ್ಲ." ಆಮೇಲೆ ನಕ್ಕರು. "ಈ ಗೋಟ್ಲಂಡಿನ ಥರದವು ನಮ್ಮಲ್ಲಿ ಹಲವಾರಿವೆ. ಓಲೆ ತೊಟ್ಟವನನ್ನು ನಾನು ನೋಡಿದ್ದು ಇದೇ ಮೊದಲು."

ಅಂಕಲ್ ಮೇಜಿಗೆ ಬಾಗಿದರು. ಎಂಜಿನ್ನಿನ ಭಾಗ ನೋಡುವಾಗಲೂ ಹೀಗೇ ಬಾಗುತ್ತಿದ್ದರೇನೋ. ನಾನೂ ಬಾಗಿದೆ. ಒಬ್ಬ ಮುದುಕ ರಾಜ, ಕಣ್ಣಿನ ಬಣ್ಣ ಬೇರೆ ಬೇರೆಯಿದ್ದವನು, ತನ್ನ ಪಟ್ಟಣದಲ್ಲಿ ಕೂತು ಮುಖವನ್ನು ಚಿನ್ನಕ್ಕೆ ಒತ್ತಿಸಿದ. ಒಂದು ಮುಖ ಉತ್ತರದ ಹಿಮಕ್ಕೆ ಬಂತು. ಇನ್ನೊಂದು ಕೆಂಪು ಸಮುದ್ರ ದಾಟಿ, ಘಟ್ಟದಾಚೆಯೋ ಈಚೆಯೋ ಒಬ್ಬ ಅಕ್ಕಸಾಲಿಗನ ಕುಲುಮೆಯ ಮುಂದೆ ಕೂತಿತು. ಅವನು ಅದನ್ನು ನೋಡಿ, ಪಾಪ, ಎಂಥ ದೊರೆ, ಕಿವಿಗೊಂದು ಓಲೆಯಿಲ್ಲವಲ್ಲ ಅಂದುಕೊಂಡನೇ? ಹದಿನೈದು ನೂರು ವರ್ಷ ಕಳೆದು ಆ ಎರಡು ಮುಖಗಳು ಸ್ಟಾಕ್‌ಹೋಮಿನ ಒಂದು ಮೇಜಿನ ಮೇಲೆ, ಮಂಗಳೂರಿನವರೊಬ್ಬರ ಮತ್ತು ದಾವಣಗೆರೆಯವಳೊಬ್ಬಳ ಮುಂದೆ ಮತ್ತೆ ಒಟ್ಟಾಗಿದ್ದವು. ಇದಕ್ಕೆ ಎದುರು ವಾದ ಏನಿರಬಹುದೆಂದು ನನ್ನ ತಲೆ ಹುಡುಕಲೇ ಇಲ್ಲ.

"ಅಜ್ಜಿ ಸರಿಯಾಗೇ ನೋಡಿದ್ಲು" ಎಂದರು ಅಂಕಲ್, ಯಾರಿಗೂ ಅಲ್ಲದ ಹಾಗೆ.

ವಾಪಸು ಬರುವಾಗ ರೈಲಿನಲ್ಲಿ ನನ್ನನ್ನು ಕೆಣಕಿದರು. "ಎಂತ ಎದುರು ಪಾರ್ಟಿ, ಕೊನೆಗೆ ನನ್ನ ವಕೀಲಳಾಗಿಬಿಟ್ಟೆಯಲ್ಲ!"

"ನನ್ನ ವಾದ ಬಿದ್ದಿಲ್ಲ ಅಂಕಲ್. ರೋಮಿನ ನಾಣ್ಯ ಅಲ್ಲ ಅಂದೆ, ಅಲ್ಲ."

"ಹೌದು ಹೌದು. ನೀನೇ ಗೆದ್ದದ್ದು. ಗೆದ್ದು ನಂಗೆ ಕೊಟ್ಟದ್ದು." ಕಿಟಕಿಯಾಚೆ ಹಿಮ ಕರಗಿ ಹೊಲಗಳು ಕಪ್ಪಾಗಿ ಕಾಣುತ್ತಿದ್ದವು. ಅವನ್ನೇ ನೋಡುತ್ತ ಕೇಳಿದರು: "ಅವನಿಗೆ ಗೊತ್ತಿತ್ತೋ? ತಾನು ಕೆತ್ತುತ್ತಾ ಇರುವುದು ಯಾರ ಮುಖ ಅಂತ?"

ನಾನು ಗೊತ್ತಿರಲಿಲ್ಲ ಎಂದೆ. ಅವರು ಗೊತ್ತಿತ್ತು ಎಂದರು. ಟ್ರೋಲ್‌ಹೆಟ್ಟನ್ ಬಂದರೂ ಆ ಚರ್ಚೆ ಮುಗಿಯಲಿಲ್ಲ.

ಬೇಸಿಗೆಯಲ್ಲಿ, ಮದುವೆಯ ಹಿಂದಿನ ದಿನ, ಮೊಮ್ಮಗಳಿಗೆ ತೆಂಗಿನ ಹಾಲಿನ ಸ್ನಾನವಾಯಿತು. ಹಾಲು ಏಷ್ಯಾ ಅಂಗಡಿಯ ಡಬ್ಬದಿಂದ ಬಂದಿತ್ತು. ಅವಳು ಒದ್ದೆ ಕೂದಲಲ್ಲಿ ಬಂದು ಅಜ್ಜನ ಮುಂದೆ ಕೂತಳು. ಎರಡು ತೂತಿನಲ್ಲಿ ಕೆಂಪು ದಾರ ಹಾಯಿಸಿ ಕಟ್ಟುವಾಗ ಅಂಕಲ್ ಅವಳಿಗೆ ಸ್ವೀಡಿಷಿನಲ್ಲಿ ಎಲ್ಲ ಹೇಳಿದರು. ಇದು ಚಕ್ರವರ್ತಿ ಕಳಿಸಿದ್ದಲ್ಲ, ನಮ್ಮೂರ ಕಡೆಯ ಒಬ್ಬ ಮಾಡಿದ್ದು, ಒಂದು ತಪ್ಪು ಮಾಡಿದ್ದಾನೆ, ಇಲ್ಲಿ ನೋಡು ಎಂದು ಓಲೆ ತೋರಿಸಿದರು. ಅವಳು ತನ್ನ ಕಿವಿಯ ಓಲೆ ಮುಟ್ಟಿಕೊಂಡು ನಕ್ಕಳು. ಗಂಟು ಬಿಗಿದು ಮುಗಿಸಿ ಅಂಕಲ್ ನನ್ನ ಕಡೆ ತಿರುಗಿದರು.

"ಕಾರ್ಖಾನೆಯಲ್ಲಿ ಅಪರೂಪಕ್ಕೆ ಹೀಗೂ ಬರೀತಿದ್ದೆವು ಮಾರಾಯ್ತಿ. ದೋಷ ಕಂಡಿದೆ, ಒಪ್ಪಿದೆ."

ಮುಂದಿನ ಚಳಿಗಾಲ ಅವರು ತೀರಿಕೊಂಡರು. ನಾನು ಆಗ ಉತ್ತರದ ಉಮೆಯೊ ಪಟ್ಟಣದಲ್ಲಿ ಒಂದು ಕಾರ್ಯಾಗಾರದಲ್ಲಿದ್ದೆ. ಅವರ ಮಗಳು ಫೋನ್ ಮಾಡಿದರು. ಮಣ್ಣಿಗೆ ಹೋಗಿ ಬಂದೆ. ತಾಮ್ರದ ನಾಣ್ಯಗಳನ್ನು ಮಗಳೇ ಇಟ್ಟುಕೊಂಡಿದ್ದಾರೆ. ಮೇಲಿನ ಮನೆಯಲ್ಲಿ ಈಗ ಬೇರೆ ಕುಟುಂಬ. ಸಂಜೆ ಶಿಶುವಿಹಾರದಿಂದ ಬಂದ ಮಗು ಧಡಧಡ ಓಡಾಡುವುದು ನನ್ನ ಸೂರಿನಲ್ಲಿ ಕೇಳಿಸುತ್ತದೆ.

ಗುಂಡಿ ಕೊನೆಗೂ ಹೊಲಿದೆ. ದಾರ ಎರಡೂ ತೂತುಗಳಲ್ಲಿ ಹಾಯ್ದು ಬಿಗಿಯಾಗಿ ಕೂತಿತು, ತಿರುಗಿಸಿ ನೋಡಿದರೆ ತಿರುಗಲಿಲ್ಲ. ಕೋಟನ್ನು ಗೂಟಕ್ಕೆ ಹಾಕುವಾಗ, ಆ ಅಕ್ಕಸಾಲಿಗನಿಗೆ ಅದು ಯಾರ ಮುಖ ಎಂದು ಗೊತ್ತಿತ್ತೇನೋ ಅನ್ನಿಸಿತು. ದಾರಿಯಲ್ಲಿ ತಂದ ವ್ಯಾಪಾರಿ ಹೇಳಿರಬಹುದು, ಇವನು ಬಡವರ ತೆರಿಗೆ ಸುಟ್ಟ ದೊರೆ ಎಂದು. ಆಧಾರವೇನಿಲ್ಲ. ಆದರೂ ಅಂಕಲ್ ಪರವಾಗಿ ಒಳ್ಳೆಯ ಅಂಶ ಅದು. ಸೂರಿನ ಕಡೆ ನೋಡಿದೆ. ಮೇಲೆ ಮಗು ಓಡುತ್ತಿತ್ತು.